ರೇಡಿಯೊಕ್ಕ ಉಡಿ ತುಂಬಿದ್ದು

ಆಗ ನನಗ ಅರವತ್ತೊಂಬತ್ತು. ಈಗ ಎಪ್ಪತ್ತೆರಡು ನಡದೈತಿ, ಅಂದ್ರ ಮೂರು ವರ್ಷದ ಹಿಂದಿನ ಮಾತು. ನಿನ್ನೆ ಚಟ್ನಿಗೆ ಅಂತ ಒಂದು ಗಿಟಕ ಒಡದೆ. ಗಿಟಕ ಅಂದ್ರ ಒಣಗಿದ ಇಡೀ ಕೊಬ್ಬರಿ, ಗೊತ್ತಿಲ್ಲದವರಿಗೆ ಹೇಳತೀನಿ. ಒಡದು ಎರಡು ಬಟ್ಟಲ ಮಾಡಿ ಒಳಗ ಇಣಿಕಿ ನೋಡಿದೆ. ಏನೂ ಇರಲಿಲ್ಲ. ಗಿಟಕದೊಳಗ ಏನರ ಯಾಕ ಇರತದ. ಆದ್ರೂ ಮೂರು ವರ್ಷದಿಂದ ಗಿಟಕ ಒಡದಾಗೆಲ್ಲಾ ನಾ ಇಣಿಕಿ ನೋಡತೀನಿ, ನನ್ನ ಸೊಸಿ ಸಾವಿತ್ರಿ ನಗತಾಳ. ನಗಲಿ. ಆಕಿಗೆ ಕತಿ ಗೊತ್ತೈತಿ. ನಿಮಗ ಗೊತ್ತಿಲ್ಲ, ಅದಕ್ಕ ಬರಿಯಾಕ ಕುಂತೀನಿ. ನಾ ಕಲಿತದ್ದು ಎರಡನೇ ಇಯತ್ತೆ, ಅದೂ ಅರ್ಧಕ್ಕ. ಸಾವಕಾಶ ಓದ್ರಿ, ನಾನೂ ಸಾವಕಾಶ ಬರದೀನಿ.

ನಮ್ಮದು ಬನಹಟ್ಟಿ. ಮನ್ಯಾಗ ನಾಕು ಕರೆಂಟಿನ ಮಗ್ಗ ಅದಾವ. ಮುಂಜಾನಿಂದ ಸಂಜಿತನಕ ಖಟಾಖಟ ಖಟಾಖಟ. ಅದಕ್ಕ ನಮ್ಮೂರಾಗ ಎಲ್ಲಾರೂ ಒದರಿ ಮಾತಾಡತಾರ. ಪರಊರಿನವರು ನೋಡಿ, ಇವರು ಜಗಳಾಡಾಕತ್ತಾರ ಅಂತ ತಿಳಕೋತಾರ. ಅರ್ಧ ಸಲ ಅದೂ ಖರೇನ ಇರತದ. ನಮ್ಮ ಯಜಮಾನರಿಗೆ ಐವತ್ತು ವರ್ಷ ಮಗ್ಗದ ಮುಂದ ನಿಂತು ಕಿವಿ ಹೋಗ್ಯಾವು. ಈ ಕತಿಯೊಳಗ ಅವರು ಏನೂ ಮಾತಾಡೂದಿಲ್ಲ, ಅವರ ಹಾದಿ ನೋಡಬ್ಯಾಡ್ರಿ.

ರೇಡಿಯೊ ನಮ್ಮ ಮಾವನವರದು. ಕಟಗಿ ಮೈ, ಮುಂದ ಗಾಜಿನ ಪಟ್ಟಿ, ಎರಡು ದೊಡ್ಡ ಗುಂಡಿ. ಒಳಗ ಐದು ವಾಲು. ವಾಲು ಅಂದ್ರ ಹೆಬ್ಬೆರಳಿನಷ್ಟು ಗಾತ್ರದ ಗಾಜಿನ ಬಲ್ಬು, ತೆಳಗ ಸೂಜಿ ಹಂಗ ಕಾಲು. ಅವು ಕಾಯಬೇಕು, ಕಾದ ಮ್ಯಾಲ ಹಾಡಬೇಕು. ಹಚ್ಚಿ ಒಂದು ಕಪ್ ಚಹಾ ಕುಡದು ಮುಗಸೂತನಕ ರೇಡಿಯೊ ಸುಮ್ಮನ ಕುಂದರತಿತ್ತು. ಮಾವನವರು ಒಬ್ಬರ ಅದನ್ನ ಮುಟ್ಟಬೇಕು. ನಾನು ಮತ್ತ ನನ್ನ ನಾದಿನಿ ಕಮಲವ್ವ ಅದರ ತೆಳಗ ಕುಂತು ಮಗ್ಗದ ಲಾಳಿಗೆ ಹಾಕೂ ಕಂಡಿಕಿ ಸುತ್ತತಿದ್ವಿ. ಆಕಿ ನನಗಿಂತ ಮೂರು ವರ್ಷ ಸಣ್ಣಾಕಿ. ಮಾವನವರು ನೂಲು ತರಾಕ ರಬಕವಿಗೆ ಹೋದ್ರು ಅಂದ್ರ ಕಮಲವ್ವ ಸಿನಿಮಾ ಹಾಡು ಹಚ್ಚಾಕಿ, ನಾ ಬಾಗಲಾ ಕಾಯಾಕಿ. ಒಂದಿನ ಒಲಿ ಮ್ಯಾಲಿನ ಹಾಲು ಉಕ್ಕತಾವಂತ ನಾ ಒಳಗ ಹೋದೆ. ಅದೇ ಹೊತ್ತಿಗೆ ಮಾವನವರು ಬಂದ್ರು. ಕಮಲವ್ವಗ ಕಪಾಳಕ್ಕ ಬಿತ್ತು. ನಾ ಹಾಲಿನ ಭಾಂಡೆ ಹಿಡಕೊಂಡು ಬಂದು, "ಅಯ್ಯ, ಏನಾತ್ರಿ ಮಾವಾ?" ಅಂದೆ. ಆ ಸಿಟ್ಟು ಆಕಿಗೆ ಇನ್ನೂ ಐತಿ. ಇರಬೇಕಾದ್ದ.

ಕಮಲವ್ವನ್ನ ಸೊಲ್ಲಾಪುರಕ್ಕ ಕೊಟ್ರು. ಮದುವಿ ಚಪ್ಪರದಾಗ ನಾಕು ಮಂದಿ ಮುಂದ ಮಾವನವರು, "ಈ ರೇಡಿಯೊ ಕಮಲಾಗ" ಅಂದಬಿಟ್ರು. ಅವತ್ತ ಟೆಂಪೊದಾಗ ಭಾಂಡೆ ತುಂಬಿದ್ವು, ಜಾಗಾ ಇರಲಿಲ್ಲ. "ಮುಂದಿನ ಸಲ ಬಂದಾಗ ಒಯ್ಯಬೇ" ಅಂತ ನಾ ಹೇಳಿದೆ. ಮುಂದಿನ ಸಲ ಬಂದಾಗ ವಾಯರು ಸುಟ್ಟೈತಿ ಅಂದೆ. ಅದರ ಮುಂದಿನ ಸಲ ಮಳಿ ಐತಿ ಅಂದೆ. ಆಮ್ಯಾಲ ಮಾವನವರು ತೀರಿಕೊಂಡ್ರು, ಕೇಳಾವರು ಇಲ್ಲದಂಗಾತು. ಹಿಂಗ ನಲವತ್ತೆಂಟು ವರ್ಷ ಹೋದವು. ನಾನೇನು ಅದನ್ನ ಪೂಜಿ ಮಾಡಿ ಇಟ್ಟಿದ್ದಿಲ್ಲ. ಅದು ಹಾಡೂದು ಬಿಟ್ಟು ಇಪ್ಪತ್ತೈದು ವರ್ಷಾಗಿತ್ತು. ಅದರ ಮ್ಯಾಲ ನನ್ನ ಚಸ್ಮಾ, ಗುಳಗಿ ಚೀಟಿ. ಒಳಗ ಒಂದು ಹಲ್ಲಿ. ಅದು ಸತ್ತು ಅದರ ಮಕ್ಕಳ ಸಂಸಾರ ನಡದಿತ್ತು.

ನಡುವ ಇನ್ನೊಂದು ಆಗಿತ್ತು. ಕಮಲವ್ವನ ಚೊಚ್ಚಲ ಬಾಣಂತನ ಮುಗದು ಆಕಿ ಗಂಡನ ಮನಿಗೆ ಹೋದ ಮ್ಯಾಲ ನಾ ಒಂದು ಭರಣಿ ಮಾವಿನ ಉಪ್ಪಿನಕಾಯಿ ಕಳಿಸಿದ್ದೆ. ಸೀರಿ ಗಂಟು ಒಯ್ಯೋ ಲಾರಿಯೊಳಗ, ಒಂದು ಗೋಣಿಚೀಲ ಸುತ್ತಿ. ಭರಣಿ ವಿಜಾಪುರದ ಆಚಿಗೆ ಒಡದು, ಎಣ್ಣಿ ಹರದು, ಯಾರದೋ ಮದುವಿ ಸೀರಿ ಗಂಟು ಪೂರಾ ಉಪ್ಪಿನಕಾಯಿ ಆತು. ಅವತ್ತಿನಿಂದ ಸೊಲ್ಲಾಪುರದ ಬೀಗರೊಳಗ ನನ್ನ ಹೆಸರು ಭರಣಿ ವೈನಿ. ಕಮಲವ್ವನ ಮೊಮ್ಮಕ್ಕಳು ಸೈತ ಭರಣಿ ಅಜ್ಜಿ ಅಂತಾವು, ನನ್ನ ಖರೆ ಹೆಸರು ಗುರವ್ವ ಅಂತ ಅವಕ್ಕ ಗೊತ್ತಿಲ್ಲ. ಆ ಹೆಸರು ಕಿವಿಗೆ ಬಿದ್ದ ದಿನಾನ ನಾ ಆಣಿ ಮಾಡಿದೆ, ಆಕಿ ಹೊಸ್ತಲಾ ತುಳಿಯೂದಿಲ್ಲ ಅಂತ. ತುಳಿಲಿಲ್ಲ.

ಈಗ ಮೂರು ವರ್ಷದ ಹಿಂದ ರಬಕವಿಯೊಳಗ ನಮ್ಮ ಸಂಬಂಧಿಕರ ಮನಿ ಒಕ್ಕಲ ಇತ್ತು. ಊಟಕ್ಕ ಕುಂತೀವಿ, ಹೋಳಿಗಿ ಬಂದೈತಿ, ತುಪ್ಪ ಬರೂದು ಬಾಕಿ. ಸಾಲಿನ ಆಚಿ ತುದಿಗೆ ಕಮಲವ್ವ. ಆಕಿ ಬಾಜೂ ಕುಂತಾಕಿಗೆ ಹೇಳಿದ್ದು, ಆದ್ರ ಬನಹಟ್ಟಿ ಗಂಟಲು, ಇಡೀ ಸಾಲಿಗೆ ಕೇಳತು.

"ನಮ್ಮಪ್ಪನ ರೇಡಿಯೊ ನನಗ ಬರಬೇಕಿತ್ತವಾ. ವೈನಿ ಕೊಡೂದಿಲ್ಲ. ಕೊಟ್ಟರೂ ಒಡದು ಕೊಡತಾಳ. ಆಕಿ ಕಳಿಸಿದ್ದು ಯಾವುದು ಇಡಿಯಾಗಿ ಬಂದೈತಿ?"

ಮಂದಿ ನಕ್ಕರು. ತುಪ್ಪ ನೀಡಾವ ನಿಂತಬಿಟ್ಟ.

"ಕಮಲಾ," ಅಂದೆ, "ಬರೂ ನಾಗರ ಪಂಚಮಿಯೊಳಗ ರೇಡಿಯೊ ನಿನ್ನ ಮನಿ ಮುಟ್ಟತದ. ಹಾಡತಿರಬೇಕು, ಮೈಮ್ಯಾಲ ಒಂದು ಗೆರಿ ಇರಬಾರದು. ಇದ್ರ ನಾ ಸಾಯೂತನಕ ಭರಣಿನ. ಇಲ್ಲಂದ್ರ ಆ ಹೆಸರು ನಿನ್ನ ಮೊಮ್ಮಕ್ಕಳ ಬಾಯಿಂದ ತಗೀಬೇಕು."

"ಆತು ವೈನಿ. ಎಲ್ಲಾರೂ ಕೇಳ್ರಿ ಮತ್ತ" ಅಂದಳು ಆಕಿ.

ಹೋಳಿಗಿ ತಿಂದು ಮನಿಗೆ ಬಂದೆ. ಬಂದ ಮ್ಯಾಲ ಲೆಕ್ಕಾ ಹಾಕಿದೆ. ಪಂಚಮಿಗೆ ಒಂದೂವರಿ ತಿಂಗಳು ಇತ್ತು, ಮತ್ತ ರೇಡಿಯೊದಾಗ ಹಲ್ಲಿ ಇದ್ದವು.

ಜಮಖಂಡಿಯೊಳಗ ದಸ್ತಗೀರ ಅಂತ ಒಬ್ಬರು ರೇಡಿಯೊ ರಿಪೇರಿ ಮಾಡತಿದ್ದರು. ಈಗ ರೇಡಿಯೊ ಇಲ್ಲ, ಮಿಕ್ಸರ ಮಾಡತಾರ. ಹೇಳಿ ಕಳಿಸಿದೆ, ಚೀಲ ಹಿಡಕೊಂಡು ಬಂದ್ರು. ಹಿಂದಿನ ಹಲಗಿ ಬಿಚ್ಚಿ ಒಳಗ ಬ್ಯಾಟರಿ ಬಿಟ್ಟು ಬಾಳ ಹೊತ್ತು ನೋಡಿದ್ರು.

"ಅಕ್ಕಾರ, ಇದಕ್ಕ ಉಪ್ಪಿನ ಡಬ್ಬಿ ಮಾಡಿದ್ರ್ಯೋ ಏನು?"

"ಮಾಡಿಲ್ಲ. ಮಾಡೂದಿತ್ತು, ಬಾಯಿ ಸಣ್ಣದೈತಿ. ಹಾಡತದೇನು ಹೇಳ್ರಿ."

ಎಂಟು ದಿನ ತಗೊಂಡ್ರು. ಒಂಬತ್ತನೇ ದಿನ ಅದು ಗೊರ್ರ್ ಅಂತು, ಯಾರೋ ಕೆಮ್ಮಿದಂಗಾತು, ಆಮ್ಯಾಲ ಒಂದು ಹಳೀ ಸಿನಿಮಾ ಹಾಡು ಬಂತು. ಸಾವಿತ್ರಿ ಮಗ್ಗ ಬಂದ್ ಮಾಡಿ ಓಡಿ ಬಂದಳು. ನಾ ಅಳಲಿಲ್ಲ. ನನಗ ಆ ಹಾಡು ಆಗೂ ಸೇರತಿರಲಿಲ್ಲ.

"ಹಾಡೂದು ದೊಡ್ಡದಲ್ರಿ ಅಕ್ಕಾರ," ಅಂದ್ರು ದಸ್ತಗೀರ, "ಕಳಸೂದು ದೊಡ್ಡದು. ಹಿಂಗ ಇದ್ದಂಗ ಕಳಿಸಿದ್ರ ವಾಲು ಬುಡದಿಂದ ಕಿತ್ತು ಬಿದ್ದು, ಉರುಳಾಡಿ, ಸ್ಪೀಕರಿನ ಕಾಗದಾನೂ ಹರೀತಾವು. ವಾಲು ಬ್ಯಾರೆ, ಗುಂಡಿ ಬ್ಯಾರೆ, ಪೆಟಗಿ ಬ್ಯಾರೆ ಕಟ್ಟಬೇಕು. ಡಬ್ಬಿಯೊಳಗ ಡಬ್ಬಿ ಇಡಬೇಕು. ನಡುವ ನಾಕ ಬೆರಳು ಮೆತ್ತಗಿಂದು ತುಂಬಬೇಕು. ಪೇಪರ್ ಉಂಡಿ ಮಾಡಿ ತುರಕಬ್ಯಾಡ್ರಿ, ಅವು ಹಾದ್ಯಾಗ ಕುಸೀತಾವು. ಕಡೀಕ ಅಲುಗಿಸಿದ್ರ ಸಪ್ಪಳ ಬರಬಾರದು."

"ಇಷ್ಟನ?" ಅಂದೆ. ಇದು ನನಗ ಗೊತ್ತಿದ್ದ ವಿದ್ಯಾ. ನಮ್ಮ ಕಡೆ ಹೆಣಮಕ್ಕಳು ಕಡಕ ರೊಟ್ಟಿ ಪುಣೆ ಮುಂಬೈತನಕ ಕಳಸ್ತಾರ, ಒಂದು ಚೂರ ಮುರಿಯೂದಿಲ್ಲ. ರೊಟ್ಟಿ ಪೆಟ್ಟು ಬಿದ್ರ ಮುರಿಯೂದಿಲ್ಲ, ಒಳಗ ಜಾಗಾ ಸಿಕ್ಕರ ಮುರೀತದ. ಬಿಗಿಯಾಗಿ ಕಟ್ಟಿದ್ರ ಲಾರಿ ಹಾರಿದ್ರೂ ರೊಟ್ಟಿ ಹಾರೂದಿಲ್ಲ. ಭರಣಿ ಕಳಸೂವಾಗ ನನಗ ಈ ಬುದ್ಧಿ ಯಾಕ ಬರಲಿಲ್ಲ ಅಂತ ಕೇಳಬ್ಯಾಡ್ರಿ. ಆಗ ನನಗ ವಯಸ್ಸಿತ್ತು, ಬುದ್ಧಿ ಇರಲಿಲ್ಲ.

ನೂಲಿನ ಕೋನು ಬರೂ ರಟ್ಟಿನ ಡಬ್ಬಿ ಮನ್ಯಾಗ ಬೇಕಾದಷ್ಟು ಇದ್ದವು, ಮಂದಿ ಕುಂತರೂ ಕುಸಿಯೂದಿಲ್ಲ. ತುಂಬಾಕ ಮಗ್ಗದಾಗಿನ ಹರಕ ನೂಲು, ಎರಡು ಚೀಲ. ಗಾಜಿನ ಪಟ್ಟಿಗೆ ಹಳೀ ಕೌದಿ ತುಂಡು. ಗುಂಡಿ ಕಿತ್ತು ಒಂದು ಅರಿವಿಯೊಳಗ ಗಂಟು ಕಟ್ಟಿ ಕೌದಿಗೆ ಹೊಲದೆ. ಉಳದದ್ದು ವಾಲು. ದಸ್ತಗೀರ ಐದೂ ವಾಲಿಗೆ ನಂಬರಿನ ಚೀಟಿ ಅಂಟಿಸಿ ಹಾಸಿಗಿ ಮ್ಯಾಲ ಮಲಗಿಸಿದ್ರು. ಇವಕ್ಕ ಒಂದೊಂದಕ್ಕ ಒಂದು ಗಟ್ಟಿ ಡಬ್ಬಿ ಬೇಕು ಅಂದ್ರು. ಗುಳಗಿ ಡಬ್ಬಿ ನೋಡಿದ್ವಿ, ಸಣ್ಣವು. ಚಹಾ ಕಪ್ಪು ನೋಡಿದ್ವಿ, ಒಡಿಯೂದಕ್ಕ ಒಡಿಯೂದು ಕಟ್ಟಿದಂಗಾತು.

ಅಷ್ಟರಾಗ ಸಾವಿತ್ರಿ ಅಕ್ಕಿ ಕೇರೂ ಮರ ಹಿಡಕೊಂಡು ಬಂದಳು. ಮರದಾಗ ಗುಳೇದಗುಡ್ಡದ ಖಣ, ಅಕ್ಕಿ, ಐದು ಅರಿಷಿಣ ಬೇರು, ಐದು ಉತ್ತತ್ತಿ, ಐದು ಗಿಟಕ.

"ಇದೇನಬೇ?"

"ಉಡಿ ರೀ ಅತ್ತಿ. ಮನಿ ಮಗಳಿಗೆ ಬರೀ ಡಬ್ಬಿ ಕಳಸ್ತಾರೇನ್ರಿ? ಪಂಚಮಿ ಬ್ಯಾರೆ ಬಂತು."

"ಆ ಕಲ್ಲಿನಂಥಾ ಗಿಟಕ ಗಾಜಿನ ಜೋಡಿ ಇಡತೀ ಏನು? ಅವು ಉರುಳಿದ್ರ ನನ್ನ ಮರ್ಯಾದಿನೂ ಉರುಳತದ."

"ಹಂಗಾದ್ರ ಉಡಿ ಇಲ್ಲದ ಕಳಸ್ರಿ. ಆಕಿ ಅದನ್ನೂ ಊಟದ ಸಾಲಿನಾಗ ಹೇಳತಾಳ."

ಸೊಸಿ ಮಾತು ಖರೆ ಇತ್ತು, ಅದಕ್ಕ ನನಗ ಸಿಟ್ಟು ಬಂತು. ಒಂದು ಗಿಟಕ ತಗೊಂಡು ಕೈಯಾಗ ತಿರುವಿದೆ. ಒಂದು ವಾಲು ನೋಡಿದೆ. ಐದು ಗಿಟಕ, ಐದು ವಾಲು. "ಗರಗಸ ಕೊಡ್ರಿ" ಅಂದೆ ದಸ್ತಗೀರಗ.

ಗಿಟಕ ನಡುವ ಕೊಯ್ದು ಎರಡು ಬಟ್ಟಲ ಮಾಡಿ, ಬತ್ತಿ ಹೊಸಿಯೂ ಅರಳಿ ಹಾಸಿ, ಒಳಗ ವಾಲು ಮಲಗಿಸಿ, ಮತ್ತ ಅರಳಿ ತುಂಬಿ, ಬಟ್ಟಲಕ್ಕ ಬಟ್ಟಲಾ ಮುಚ್ಚಿ ಕೆಂಪ ನೂಲಿನಿಂದ ಬಿಗದು ಕಟ್ಟಿದೆ. ಕಿವಿಗೆ ಹಿಡದು ಅಲುಗಿಸಿದೆ. ಸಪ್ಪಳ ಇಲ್ಲ. ಕೋಣಿ ಆಚಿಗೆ ಒಗದೆ. ದಸ್ತಗೀರ ಕಣ್ಣ ಮುಚ್ಚಿಕೊಂಡ್ರು. ತಗದು ನೋಡಿದ್ವಿ, ವಾಲು ನಿದ್ದಿ ಮಾಡಾಕತ್ತಿತ್ತು.

"ಅಕ್ಕಾರ," ಅಂದ್ರು ದಸ್ತಗೀರ, "ಐವತ್ತು ವರ್ಷ ಈ ಕೆಲಸ ಮಾಡೀನಿ, ವಾಲಿಗೆ ಉಡಿ ತುಂಬಿದ್ದು ಇವತ್ತ ನೋಡಿದೆ."

ಎಲ್ಲಾ ಕಟ್ಟಿ ಮುಗಿಸಿ, ಮ್ಯಾಲ ಇಪ್ಪತ್ತೈದು ಕಡಕ ರೊಟ್ಟಿ ಇಟ್ಟೆ. ರೊಟ್ಟಿ ಇಡಿಯಾಗಿ ಮುಟ್ಟಿದ್ರ ರೇಡಿಯೊನೂ ಇಡಿಯಾಗಿ ಮುಟ್ಟಿರತದ. ಸೀರಿ ಗಂಟಿಗೆ ನಂಬರು ಹಾಕೂ ಪೆನ್ನು ತಗೊಂಡು ಡಬ್ಬಿಯ ಆರೂ ಮಗ್ಗಲಿಗೆ ಕೈ ಉದ್ದದ ಅಕ್ಷರದಾಗ ಬರದೆ: ಒಗಿಬ್ಯಾಡ.

ಜಮಖಂಡಿಯ ಪಾರ್ಸಲ್ ಅಂಗಡಿಯಾಂವ ಡಬ್ಬಿ ಸುತ್ತ ಒಂದು ಸುತ್ತು ಹಾಕಿದ. "ಅವ್ವಾರ, ತೆಳಗೂ ಬರದೀರಲ್ಲ, ಅದು ಯಾರಿಗೆ ಕಾಣಸ್ತದ?"

"ಎತ್ತಿ ಒಗಿಯಾವಗ ಕಾಣಸ್ತದ."

"ಒಳಗ ಏನೈತ್ರಿ?"

"ನನ್ನ ಹೆಸರು ಐತಿ. ಚೀಟಿ ಅಂಟಸು."

ಅವನು ಚೀಟಿ ಅಂಟಿಸಾಕ ಡಬ್ಬಿ ಬೋರಲ ಹಾಕಿದ. ನಾ ಅಲ್ಲೇ ಒಂದು ಸ್ಟೂಲ ಎಳಕೊಂಡು ಕುಂತೆ. ಮಧ್ಯಾಹ್ನ ಗಾಡಿ ಬಂದು, ಡಬ್ಬಿ ಅದರಾಗ ಕುಂತು, ಬಾಗಲಾ ಹಾಕೂತನಕ ಏಳಲಿಲ್ಲ. ಅಷ್ಟರಾಗ ಆ ಅಂಗಡಿಯಾಂವ ಎರಡು ಸಲ ಚಹಾ ಕೊಟ್ಟ, ಒಂದು ಸಲ ಮನಿಗೆ ಹೋಗ್ರಿ ಅಂತ ಕೈ ಮುಗದ.

ಕಮಲವ್ವಗ ಫೋನ್ ಮಾಡಿ, ಗಿಟಕದಾಗ ವಾಲು ಅದಾವ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಫೋನ್ ಮಾಡಿದ್ರ ಆಕಿ ಜೋಡಿ ಮಾತಾಡಬೇಕಾಗತಿತ್ತು. ಕೆಂಪ ದಾರಾ ಕಟ್ಟಿದ ಗಿಟಕ ಕಂಡ್ರ ಕಣ್ಣಿದ್ದವರು ಬಿಚ್ಚಿ ನೋಡತಾರ, ಮತ್ತ ಹೇಳೂದೇನು ಅಂದಕೊಂಡೆ.

ಮೂರನೇ ದಿನ ಆಕಿದ ಫೋನ್ ಬಂತು. "ವೈನಿ, ಡಬ್ಬಿ ಬಂದೈತಿ." ಒಲ್ಲದ ಮನಸ್ಸಿಲೆ ಅಂದಳು, "ಒಂದು ಗೆರಿ ಇಲ್ಲ. ರೊಟ್ಟಿ ಸೈತ ಒಂದೂ ಮುರದಿಲ್ಲ."

ಫೋನ್ ಇಟ್ಟ ಮ್ಯಾಲ ಓಣಿ ತುಂಬ ಸಕ್ಕರಿ ಹಂಚಿದೆ. ರಬಕವಿಗೆ ಹೋಗಿ, ಅವತ್ತ ಆ ಸಾಲಿನಾಗ ಊಟಕ್ಕ ಕುಂತವರ ಮನಿಮನಿಗೆ ಹೇಳಿ ಬಂದೆ. ತುಪ್ಪ ನೀಡಿದಾಂವನ್ನೂ ಬಿಡಲಿಲ್ಲ. ಗೆದ್ದ ಸೊಕ್ಕಿನಾಗ ಗಿಟಕದ ನೆನಪ ಹಾರಿತು.

ಐದನೇ ದಿನ ಮಧ್ಯಾಹ್ನ ಕರೆಂಟ ಹೋಗಿ ಮಗ್ಗ ನಿಂತಿದ್ವು. ಮತ್ತ ಫೋನು. ಈ ಸಲ ಆಕಿ ಗಂಟಲು ಸೊಲ್ಲಾಪುರದಿಂದ ಫೋನ್ ಇಲ್ಲದನೂ ಬರತಿತ್ತು.

"ಭರಣಿ ವೈನಿ, ಮೆಕ್ಯಾನಿಕ್ ಹಿಂದಿನ ಹಲಗಿ ತಗದು ನೋಡ್ಯಾನ. ಐದು ತೂತು ಖಾಲಿ ಅದಾವ. ಜೀವ ನೀ ಇಟಗೊಂಡು ಹೆಣ ಕಳಿಸೀದಿ ಏನು?"

"ಗಿಟಕ ಎಲ್ಲದಾವ?" ಅಂದೆ.

"ಯಾವ ಗಿಟಕ?"

"ಉಡ್ಯಾಗಿನವು ಬೇ. ಅವುರೊಳಗ ವಾಲು ಅದಾವ."

ಆಕಿ ಸಣ್ಣ ದನಿಯಾಗ, "ಹಂಚಿದೆ" ಅಂದಳು.

ಓಣಿಯ ಐದು ಮುತ್ತೈದೇರನ್ನ ಕರದು, ಕುಂಕುಮ ಹಚ್ಚಿ, ನಮ್ಮ ತವರಿಂದ ಉಡಿ ಬಂದೈತಿ ಅಂತ ಒಬ್ಬೊಬ್ಬರ ಉಡಿಗೆ ಒಂದೊಂದು ಗಿಟಕ ಹಾಕಿದ್ದಳು.

"ಓಡು" ಅಂದೆ.

ಓಡಿದಳು. ಫೋನ್ ಬಂದ್ ಮಾಡೂದು ಮರತಿದ್ದಳು. ನಾನೂ ಸಾವಿತ್ರಿನೂ ಬನಹಟ್ಟಿಯೊಳಗ ಕುಂತು, ಸೊಲ್ಲಾಪುರದ ಓಣ್ಯಾಗ ಆಕಿ ಓಡೂದನ್ನ ಕೇಳಿದ್ವಿ. ಒಂದು ಮಾತು ತಿಳಕೋರಿ, ಹಾಕಿದ ಉಡಿ ತಿರುಗಿ ಕೇಳೂದಂದ್ರ ನಮ್ಮೊಳಗ ಆಗಬಾರದ ಕೆಲಸ. ಅರವತ್ತಾರು ವರ್ಷದ ಕಮಲವ್ವ ಐದು ಬಾಗಲಕ್ಕ ನಿಂತು ಅದನ್ನ ಮಾಡಬೇಕಾತು.

ಮೊದಲನೇ ಮನಿಯಾಕಿ, "ಯಾಕ್ರಿ, ನಿಮ್ಮ ತವರಾಗ ಕೊಬ್ಬರಿ ತೀರಿತೇನು?" ಅಂದು ಕೊಟ್ಟಳು. ಎರಡನೇದು ದೇವರ ಜಗಲಿ ಮ್ಯಾಲ ಇತ್ತು. ಮೂರನೇದು ಅಕ್ಕಿ ಡಬ್ಬಿಯೊಳಗ. ನಾಕನೇ ಮನಿಯಾಗ ಉಂಡಿ ಕಟ್ಟಾಕ ಹಾರಿಯಿಂದ ಕೊಬ್ಬರಿ ಕುಟ್ಟೂ ತಯಾರಿ ನಡದಿತ್ತು. "ತಡೀರಿ, ಎತ್ತಿದ ಹಾರಿ ಹಂಗ ಹಿಡೀರಿ" ಅಂತ ಕಮಲವ್ವ ಒದರಿದ್ದು ಕೇಳಿ ನನ್ನ ಕೈಯಾಗಿನ ಚಹಾ ಚಲ್ಲಿತು.

ಐದನೇ ಮನಿಯಾಗ ಬಾಳ ಹೊತ್ತು ಯಾರೂ ಬಾಗಲಾ ತಗೀಲಿಲ್ಲ. ಆಮ್ಯಾಲ ಒಂದು ಮುದುಕಿ ದನಿ ಬಂತು. "ನಮ್ಮ ಮ್ಯಾಲ ನಿನಗ ಏನ ಸಿಟ್ಟಿತ್ತವಾ? ಗಿಟಕ ಬಿಚ್ಚಿದ್ರ ಒಳಗ ಬಿಳಿ ಅರಳಿ, ಸುತ್ತ ಕೆಂಪ ದಾರ, ನಡುವ ಸೂಜಿಗಾಲಿನ ಗಾಜಿನ ಗೊಂಬಿ. ಮಾಟಾ ಮಾಡಸ್ತೀರಿ?"

"ಅಯ್ಯ ಅಜ್ಜಿ, ಅದು ರೇಡಿಯೊದ್ದು."

"ರೇಡಿಯೊಕ್ಕ ಲಿಂಬಿಹಣ್ಣ ಕೊಯ್ದು ದೃಷ್ಟಿ ತಗದೀನಿ. ಅದು ಮನಿಗೆ ಬಂದಾಗಿಂದ ನಮ್ಮ ಮಿಕ್ಸರ ತಿರುಗಿಲ್ಲ. ಕೆರಿಯಾಗ ಒಗದು ಬಂದೆ, ಹಿಂದ ತಿರುಗಿ ನೋಡಲಾರದ."

ಕಮಲವ್ವ ಮನಿಗೆ ಬಂದು ಕುಂತಳು. ಕುರ್ಚಿ ಕಿರ್ ಅಂದದ್ದು ಕೇಳತು. "ವೈನಿ, ಅದೀ ಏನು?"

"ಅದೀನಿ."

"ನಾಕು ಸಿಕ್ಕಾವು. ಒಂದು ಕೆರಿ ಪಾಲಾತು. ಕೆಂಪ ದಾರಾ ಉಡಿ ಶಾಸ್ತ್ರದ್ದು ಅಂದಕೊಂಡೆ. ಕೊಬ್ಬರ್ಯಾಗ ಗಾಜು ಐತಿ ಅಂತ ಯಾರ ತಿಳಕೋತಾರ?"

"ಬಂದ ಉಡಿ ಎರಡು ದಿನಾನೂ ಇಟಗೊಳ್ಳದ ಓಣಿಗೆ ಹಂಚತಾರ ಅಂತ ಯಾರ ತಿಳಕೋತಾರ?"

ಆಕಿ ಅಂದಳು, "ಅಪ್ಪ ಹೋದ ಮ್ಯಾಲ ನನ್ನ ಬಾಗಲಕ್ಕ ತವರಿಂದ ಬಂದ ಮೊದಲನೇ ಉಡಿ ಅದು. ನಾ ಒಬ್ಬಾಕಿನ ಒಳಗ ಕುಂತು ತಿನ್ನಲೇನು? ನನಗೂ ತವರ ಐತಿ ಅಂತ ಓಣಿಗೆ ತೋರಸೂದಿತ್ತು."

ಸಾವಿತ್ರಿ ನನ್ನ ಮಾರಿ ನೋಡಿದಳು, ನಾ ಚಲ್ಲಿದ ಚಹಾ ಒರಸಿದೆ.

"ದಸ್ತಗೀರನ ಕಡೆ ಅಂಥಾ ವಾಲು ಇನ್ನೊಂದು ಇರಬೇಕು," ಅಂದೆ. "ನಾಳೆ ಕಳಸ್ತೀನಿ."

"ಕಳಸಬ್ಯಾಡ. ನೀನ ತಗೊಂಡು ಬಾ. ಒಡದ್ರ ನನ್ನ ಕಣ್ಣ ಮುಂದ ಒಡಿ" ಅಂದು ಫೋನ್ ಇಟ್ಟಳು.

ಮುಧೋಳದ ಯಾವುದೋ ಸತ್ತ ಸೆಟ್ಟಿನೊಳಗಿನ ಒಂದು ವಾಲು ದಸ್ತಗೀರನ ಪೆಟಗ್ಯಾಗ ಇತ್ತು. ಸಂಜಿಕ ಅವರೇ ತಂದು ಕೊಟ್ಟು, ಇದಕ್ಕೂ ಉಡಿನ ಏನ್ರಿ ಅಕ್ಕಾರ ಅಂತ ನಕ್ಕು ಹೋದ್ರು.

ಮರುದಿನ ಮುಂಜಾನಿ ಎದ್ದು ಆರು ಗಿಟಕ ತಗೊಂಡೆ. ಒಂದನ್ನ ಕೊಯ್ದು, ಅರಳಿ ಹಾಸಿ, ವಾಲು ಮಲಗಿಸಿ, ದಾರಾ ಕಟ್ಟಿದೆ. ಈ ಸಲ ಬಿಳೀ ದಾರಾ. ಅದರ ಮ್ಯಾಲ ಸೀರಿ ಗಂಟಿನ ಪೆನ್ನಿನಿಂದ ‘ಹಂಚಬ್ಯಾಡ’ ಅಂತ ಬರದೆ. ಉಳದ ಐದಕ್ಕ ಏನೂ ಬರೀಲಿಲ್ಲ, ಅವು ಬರೀ ಕೊಬ್ಬರಿ, ಹಂಚಾಕ. ಎಲ್ಲಾ ಉಡಿಯೊಳಗ ಕಟಗೊಂಡು ಸೊಲ್ಲಾಪುರದ ಬಸ್ ಹತ್ತಿದೆ.